ಕೆರೆ ಮತ್ತು ನದಿ ನೀರಿನಲ್ಲಿ ಕರಗಿದ ವಸ್ತುವಿನ ಹರಡುವಿಕೆ: ಕಣ ವಿಧಾನದ ಲೆಕ್ಕಾಚಾರ (ಸಾರ್ವಜನಿಕರ ಮಾಹಿತಿಗಾಗಿ)

ಕೆರೆ, ಹಳ್ಳ ಅಥವಾ ನದಿಗೆ ತ್ಯಾಜ್ಯ ನೀರನ್ನು ಬಿಡಲು ಬಯಸುವವರು ಜಲ (ಮಾಲಿನ್ಯ ನಿವಾರಣೆ ಮತ್ತು ನಿಯಂತ್ರಣ) ಅಧಿನಿಯಮ, 1974ರ 25ನೇ ಕಲಮಿನನ್ವಯ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿಯನ್ನು ಮುಂಚಿತವಾಗಿ ಪಡೆಯತಕ್ಕದ್ದು. ಹೀಗೆ ಬಿಟ್ಟ ನೀರಿನಲ್ಲಿರುವ ಉಪ್ಪು, ಗೊಬ್ಬರದ ಅಂಶ ಅಥವಾ ರಾಸಾಯನಿಕವು ಎಲ್ಲಿಗೆ, ಎಷ್ಟು ಹೊತ್ತಿನಲ್ಲಿ, ಎಷ್ಟು ಪ್ರಮಾಣದಲ್ಲಿ ತಲುಪುತ್ತದೆಂಬುದನ್ನು ಗಣಕಯಂತ್ರದ ಮೂಲಕ ಅಂದಾಜಿಸುವ ಒಂದು ವಿಧಾನವನ್ನು ಇಲ್ಲಿ ವಿವರಿಸಲಾಗಿದೆ.

ಸರಾಸರಿಯು ಇಲ್ಲಿ ದಾರಿ ತಪ್ಪಿಸುತ್ತದೆ. ಒಂದು ಹೆಕ್ಟೇರ್ ವಿಸ್ತೀರ್ಣದ, ಒಂದು ಮೀಟರ್ ಆಳದ ಕೆರೆಯಲ್ಲಿ ಒಂದು ಕೋಟಿ ಲೀಟರ್ ನೀರಿರುತ್ತದೆ. ಅದರಲ್ಲಿ ಒಂದು ಕಿಲೋಗ್ರಾಂ ವಸ್ತು ಸಮನಾಗಿ ಬೆರೆತರೆ ಲೀಟರಿಗೆ 0.1 ಮಿಲಿಗ್ರಾಂ ಮಾತ್ರ. ಅದೇ ವಸ್ತು 10 ಮೀಟರ್ ಉದ್ದ, 10 ಮೀಟರ್ ಅಗಲದ ಒಂದು ಮೂಲೆಯಲ್ಲಿಯೇ ಉಳಿದರೆ ಲೀಟರಿಗೆ 10 ಮಿಲಿಗ್ರಾಂ, ಅಂದರೆ ನೂರು ಪಟ್ಟು. ಜಾನುವಾರು ನೀರು ಕುಡಿಯುವುದು ಸರಾಸರಿಯಲ್ಲಿ ಅಲ್ಲ, ಆ ಮೂಲೆಯಲ್ಲಿ.

ಉಚ್ಚಂಗಿದುರ್ಗವನ್ನು ಒಳಗೊಂಡ ಹರಪನಹಳ್ಳಿ ತಾಲ್ಲೂಕು ಬಯಲುಸೀಮೆಯ ಪ್ರದೇಶವಾಗಿದ್ದು, ತುಂಗಭದ್ರಾ ನದಿಯು ತಾಲ್ಲೂಕಿನ ಪಶ್ಚಿಮದ ಅಂಚಿನಲ್ಲಿ ಹರಿಯುತ್ತದೆ. (1997ರಲ್ಲಿ ದಾವಣಗೆರೆ ಜಿಲ್ಲೆಗೆ ಸೇರಿ, ಬಳಿಕ ಬಳ್ಳಾರಿಗೆ ಮರಳಿದ ಈ ತಾಲ್ಲೂಕು 2021ರಿಂದ ವಿಜಯನಗರ ಜಿಲ್ಲೆಯಲ್ಲಿದೆ, ಅರ್ಜಿಯಲ್ಲಿ ಹಾಗೆಯೇ ನಮೂದಿಸುವುದು.) ಇಂತಹ ಪ್ರದೇಶದ ಕೆರೆಗಳು ಮಳೆಗಾಲದಲ್ಲಿ ಹಿಗ್ಗಿ ಬೇಸಿಗೆಯಲ್ಲಿ ಕುಗ್ಗುತ್ತವೆ. ನೀರಿನ ಆಳವು ಅದರ ಹರವಿಗಿಂತ ಬಹಳ ಕಡಿಮೆಯಿರುವುದರಿಂದ ತಳದಿಂದ ಮೇಲಿನವರೆಗೆ ಒಂದೇ ಸರಾಸರಿ ವೇಗವಿದೆಯೆಂದು ಭಾವಿಸಿ ಲೆಕ್ಕ ಮಾಡಬಹುದು. ಈ ಸಮೀಕರಣಗಳ ಮೂಲರೂಪವನ್ನು ಫ್ರಾನ್ಸಿನ ಸೇಂಟ್ ವೆನಾಂಟ್ 1871ರಲ್ಲಿ ಪ್ರಕಟಿಸಿದರು.

ರೂಢಿಯ ಕ್ರಮದಲ್ಲಿ ಕೆರೆಯ ನಕ್ಷೆಯ ಮೇಲೆ ಚೌಕಗಳ ಜಾಲರಿಯನ್ನು ಹಾಸಲಾಗುತ್ತದೆ. ಕರಗಿದ ವಸ್ತುವು ಒಂದು ಚೌಕವನ್ನು ಪ್ರವೇಶಿಸಿದೊಡನೆ ಅದು ಇಡೀ ಚೌಕಕ್ಕೆ ಹಂಚಿಹೋದಂತೆ ಲೆಕ್ಕಕ್ಕೆ ಬರುವುದರಿಂದ, ನೀರಿನಲ್ಲಿ ಇಲ್ಲದ ಹರಡುವಿಕೆ ಕಾಗದದ ಮೇಲೆ ಉಂಟಾಗುತ್ತದೆ. ಪರಿಣಾಮವಾಗಿ ಗರಿಷ್ಠ ಸಾಂದ್ರತೆಯು ನಿಜಕ್ಕಿಂತ ಕಡಿಮೆಯೆಂದು ಕಂಡುಬರಬಹುದು. ಕುಡಿಯುವ ನೀರಿನ ವಿಷಯದಲ್ಲಿ ಈ ದಿಕ್ಕಿನ ತಪ್ಪು ಹೆಚ್ಚು ಅಪಾಯಕಾರಿ.

ಜಾಲರಹಿತ ಕಣ ವಿಧಾನದಲ್ಲಿ ಚೌಕಗಳಿಲ್ಲ. ನೀರನ್ನು ಸಾವಿರಾರು ಕಣಗಳೆಂದು ಭಾವಿಸಿ, ಪ್ರತಿಯೊಂದು ಕಣಕ್ಕೂ ಬ್ಯಾಂಕಿನ ಖಾತೆಯಂತೆ ಪ್ರತ್ಯೇಕ ಲೆಕ್ಕವಿಡಲಾಗುತ್ತದೆ: ಅದರಲ್ಲಿರುವ ನೀರೆಷ್ಟು, ಕರಗಿದ ವಸ್ತುವೆಷ್ಟು, ವೇಗವೆಷ್ಟು. ಕಣವು ಹರಿವಿನೊಂದಿಗೆ ಚಲಿಸುವಾಗ ತನ್ನ ಖಾತೆಯನ್ನು ತನ್ನೊಡನೆಯೇ ಒಯ್ಯುತ್ತದೆ. ನಿಗದಿತ ದೂರದೊಳಗಿನ ನೆರೆಯ ಕಣಗಳೊಂದಿಗೆ ಮಾತ್ರ ವಿನಿಮಯ ನಡೆಯುತ್ತದೆ. ಹತ್ತಿರದ ಕಣಕ್ಕೆ ಹೆಚ್ಚು ತೂಕ, ದೂರದ್ದಕ್ಕೆ ಕಡಿಮೆ. ಒಂದರ ಖರ್ಚು ಇನ್ನೊಂದರ ಜಮೆಯಾಗುವಂತೆ ಈ ವಿನಿಮಯವನ್ನು ರೂಪಿಸಿದಾಗ ಒಟ್ಟು ಮೊತ್ತವು ವ್ಯತ್ಯಾಸವಾಗುವುದಿಲ್ಲ. ಕಣಗಳು ಒತ್ತಾಗಿ ಸೇರಿದಲ್ಲಿ ಆಳ ಹೆಚ್ಚು, ಕಣಗಳೇ ಇಲ್ಲದಲ್ಲಿ ಒಣನೆಲ. ಆದ್ದರಿಂದ ಕುಗ್ಗುವ ದಡವನ್ನು ಪ್ರತ್ಯೇಕವಾಗಿ ಗುರುತಿಸುವ ಅಗತ್ಯವಿರುವುದಿಲ್ಲ. ಈ ವಿಧಾನವು ಮೊದಲಿಗೆ ನೀರಿಗಾಗಿ ಹುಟ್ಟಿದ್ದಲ್ಲ. 1977ರಲ್ಲಿ ಲ್ಯೂಸಿ ಹಾಗೂ ಗಿಂಗೋಲ್ಡ್ ಮತ್ತು ಮೊನಹನ್ ಅವರು ನಕ್ಷತ್ರಗಳ ಅಧ್ಯಯನಕ್ಕಾಗಿ ಇದನ್ನು ಪ್ರಕಟಿಸಿದರು.

ವಿಧಾನಕ್ಕೆ ಮಿತಿಗಳೂ ಇವೆ. ನೆರೆಯ ಕಣಗಳನ್ನು ಪ್ರತಿ ಹಂತದಲ್ಲಿಯೂ ಹುಡುಕಬೇಕಾಗಿರುವುದರಿಂದ ಗಣಕಯಂತ್ರಕ್ಕೆ ಹೆಚ್ಚು ಸಮಯ ಬೇಕಾಗುತ್ತದೆ. ಏರಿ, ತೂಬು, ಸೇತುವೆಯ ಕಂಬಗಳ ಬಳಿ ಕಣಗಳನ್ನು ನಿಭಾಯಿಸುವುದು ಕಷ್ಟ. ಮೇಲಿನ ಮತ್ತು ಕೆಳಗಿನ ನೀರು ಬೇರೆಬೇರೆ ಪದರಗಳಾಗಿ ನಿಲ್ಲುವ ಆಳವಾದ ಜಲಾಶಯಕ್ಕೆ ಈ ಲೆಕ್ಕ ಹೊಂದುವುದಿಲ್ಲ.

ಯಾವುದೇ ಲೆಕ್ಕವೂ ಸ್ಥಳದ ಮಾಹಿತಿಗಿಂತ ಉತ್ತಮವಾಗಿರಲಾರದು. ನದಿಯು ಸೆಕೆಂಡಿಗೆ ಅರ್ಧ ಮೀಟರ್ ವೇಗದಲ್ಲಿ ಹರಿಯುತ್ತಿದ್ದರೆ ಕಲುಷಿತ ನೀರು 20 ಕಿಲೋಮೀಟರ್ ಕೆಳಗಿನ ಗ್ರಾಮವನ್ನು ಸುಮಾರು 11 ಗಂಟೆಗಳಲ್ಲಿ ತಲುಪುತ್ತದೆ. ನೀರೆತ್ತುವ ಪಂಪುಗಳನ್ನು ನಿಲ್ಲಿಸಲು ದೊರೆಯುವ ಕಾಲಾವಕಾಶ ಅಷ್ಟೇ. ಆದುದರಿಂದ ಮೀನು ಸತ್ತಿರುವುದು ಅಥವಾ ನೀರಿನ ಬಣ್ಣ, ವಾಸನೆ ಬದಲಾಗಿರುವುದನ್ನು ಕಂಡು ದೂರು ಸಲ್ಲಿಸುವವರು, ಕಂಡ ದಿನಾಂಕ ಮತ್ತು ವೇಳೆ, ನಿಖರ ಸ್ಥಳ, ಅಂದಾಜು ಆಳ, ಕೋಡಿ ಬಿದ್ದಿದೆಯೇ, ತೂಬು ತೆರೆದಿದೆಯೇ ಎಂಬ ವಿವರಗಳನ್ನು ತಪ್ಪದೆ ಬರೆಯುವುದು. ಅಪಘಾತದಿಂದ ವಿಷಕಾರಿ ವಸ್ತು ನೀರಿಗೆ ಸೇರಿದಲ್ಲಿ ಸಂಬಂಧಿಸಿದ ಸ್ಥಳದ ಹೊಣೆ ಹೊತ್ತವರು ಅಧಿನಿಯಮದ 31ನೇ ಕಲಮಿನ ಪ್ರಕಾರ ಕೂಡಲೇ ತಿಳಿಸತಕ್ಕದ್ದು.