ಶಿರಹಾಮಾದ ಬಿಸಿನೀರು

ಜಪಾನಿನ ಬಿಸಿನೀರ ಬುಗ್ಗೆಗಳ ಮಾತೆತ್ತಿದೊಡನೆ ನಮ್ಮ ಕಣ್ಣಮುಂದೆ ನಿಲ್ಲುವುದು ಜ್ವಾಲಾಮುಖಿ: ಹಿಮ ಮುಸುಕಿದ ಬೆಟ್ಟ, ಅದರ ಬುಡದಲ್ಲಿ ಹಬೆಯಾಡುವ ಕೊಳ, ಕೊಳದ ಬದಿಯಲ್ಲೊಂದು ಮರದ ಮನೆ. ನಾನು ಈಗ ಹೇಳಹೊರಟಿರುವ ಊರಿನಲ್ಲಿ ಹಿಮ ಬೀಳುವುದೇ ಅಪರೂಪ. ಜ್ವಾಲಾಮುಖಿಯಂತೂ ಹತ್ತಿರದಲ್ಲೆಲ್ಲೂ ಇಲ್ಲ. ಒಸಾಕಾ ನಗರದ ದಕ್ಷಿಣಕ್ಕೆ ಶಾಂತಸಾಗರದೊಳಕ್ಕೆ ಚಾಚಿಕೊಂಡಿರುವ ಕಿಯೀ ಪರ್ಯಾಯದ್ವೀಪದ ಪಶ್ಚಿಮ ತೀರದಲ್ಲಿರುವ ಆ ಊರು ಶಿರಹಾಮಾ. ಹೆಸರಿನ ಅರ್ಥ 'ಬಿಳಿಯ ಕಡಲತೀರ'. ಆ ಬಿಳುಪನ್ನು ಅಲೆಗಳು ಕೊಚ್ಚಿಕೊಂಡು ಹೋಗತೊಡಗಿದಾಗ ಆಸ್ಟ್ರೇಲಿಯಾದಿಂದ ಹಡಗಿನಲ್ಲಿ ಮರಳು ತರಿಸಿ ತುಂಬಿದರು. ಹೆಸರನ್ನು ಉಳಿಸಿಕೊಳ್ಳಲು ಮನುಷ್ಯ ಏನೆಲ್ಲ ಮಾಡುತ್ತಾನೆ ಎಂಬುದಕ್ಕೆ ಇದೂ ಒಂದು ನಿದರ್ಶನವಾದೀತು.

ಜ್ವಾಲಾಮುಖಿಯಿಲ್ಲದ ನೆಲದಲ್ಲಿ ನೀರು ಕುದಿದು ಬರುವುದು ಹೇಗೆ? ಶಾಂತಸಾಗರದ ತಳದ ಶಿಲಾಫಲಕವೊಂದು ಜಪಾನಿನ ಅಡಿಗೆ ಮೆಲ್ಲಮೆಲ್ಲನೆ ನುಸುಳುತ್ತಿದೆ. ಹಾಗೆ ಆಳಕ್ಕಿಳಿದ ಬಂಡೆ ಒತ್ತಡಕ್ಕೂ ಕಾವಿಗೂ ಸಿಕ್ಕಿ ತನ್ನ ಒಡಲೊಳಗಿದ್ದ ನೀರನ್ನು ಬಿಟ್ಟುಕೊಡುತ್ತದೆ. ಆ ನೀರು ಬಿರುಕುಗಳ ದಾರಿ ಹಿಡಿದು ಮೇಲೇರುತ್ತದೆ. ಈ ಭಾಗದ ಬುಗ್ಗೆಗಳಿಗೆ ಭೂವಿಜ್ಞಾನಿಗಳು ಈಗ ಕೊಡುವ ಕಾರಣ ಇದು. ಕಡಲಂಚಿನ ಬುಗ್ಗೆಗಳ ನೀರು ಸಾಮಾನ್ಯವಾಗಿ ಉಪ್ಪು. ಮಿಂದವನ ಚರ್ಮದ ಮೇಲೆ ಉಪ್ಪಿನ ತೆಳುಪೊರೆ ಉಳಿದು ಬೆವರು ಬೇಗ ಆರಲು ಬಿಡದಿರುವುದರಿಂದ ಮೈಯ ಬಿಸಿ ಬಹಳ ಹೊತ್ತು ಇಳಿಯುವುದಿಲ್ಲ. ಜಪಾನಿನಲ್ಲಿ ಯಾವ ನೀರನ್ನು 'ಓನ್‌ಸೆನ್' ಎನ್ನಬಹುದೆಂಬುದಕ್ಕೂ 1948ರ ಕಾಯಿದೆಯೊಂದಿದೆ: ಚಿಮ್ಮುವಲ್ಲಿ 25 ಡಿಗ್ರಿ ಸೆಲ್ಸಿಯಸ್ ಕಾವಾದರೂ ಇರಬೇಕು, ಇಲ್ಲವೆ ಹೆಸರಿಸಿರುವ 19 ದ್ರವ್ಯಗಳಲ್ಲಿ ಒಂದಾದರೂ ಗೊತ್ತಾದ ಪ್ರಮಾಣದಲ್ಲಿರಬೇಕು.

ಇಂಥ ಬುಗ್ಗೆಯ ನೀರನ್ನು ಒಳಕ್ಕೆ ತಂದುಕೊಂಡಿರುವ ಸಾಂಪ್ರದಾಯಿಕ ವಸತಿಗೃಹವೇ ರ್ಯೋಕಾನ್. ಅದನ್ನು ಹೋಟೆಲು ಎಂದರೆ ಅರ್ಧ ಮಾತ್ರ ನಿಜ. ಬಾಡಿಗೆಯ ಲೆಕ್ಕ ಕೋಣೆಗಲ್ಲ, ತಲೆಗೆ. ರಾತ್ರಿಯ ಊಟ, ಬೆಳಗಿನ ಊಟ ಎರಡೂ ಸಾಮಾನ್ಯವಾಗಿ ಅದರಲ್ಲೇ ಸೇರಿರುತ್ತವೆ. ಬಾಗಿಲಲ್ಲೇ ಪಾದರಕ್ಷೆ ಕಳಚಬೇಕು. ಈ ಮಾತನ್ನು ನಮ್ಮವರಿಗೆ ಹೇಳಿಕೊಡಬೇಕಾಗಿಲ್ಲ. ಮನೆಯೊಡತಿಯನ್ನು 'ಒಕಾಮಿ' ಎನ್ನುತ್ತಾರೆ. ಇಡೀ ಮನೆಯ ಮಾನ ನಿಂತಿರುವುದು ಆಕೆಯ ಮೇಲೆ. ಕೋಣೆಯ ನೆಲಕ್ಕೆಲ್ಲ ತತಾಮಿ ಚಾಪೆ; ಕೋಣೆಯ ಅಳತೆಯನ್ನೂ ಅವರು ಹೇಳುವುದು ಇಷ್ಟು ಚಾಪೆಯ ಕೋಣೆ ಎಂದೇ. ಗೋಡೆಯ ಒಂದೆಡೆ ತುಸು ಎತ್ತರದ ಗೂಡು, ಅದರಲ್ಲೊಂದು ಚಿತ್ರಪಟ, ಒಂದು ಹೂವು. ಮಂಚವಿಲ್ಲ. ಹಾಸಿಗೆಗಳೆಲ್ಲ ಗೋಡೆಯ ಬೀರುವಿನೊಳಗಿರುತ್ತವೆ. ಅತಿಥಿ ಉಂಡು ಮುಗಿಸುವ ಹೊತ್ತಿಗೆ ಅವು ನೆಲದ ಮೇಲೆ ಹರಡಿರುತ್ತವೆ. ಹಗಲಿನ ಕೂಡುಕೋಣೆಯೇ ಇರುಳಿನ ಮಲಗುಕೋಣೆ. ಉಡಲು ಯುಕಾತಾ ಎಂಬ ಹತ್ತಿಯ ನಿಲುವಂಗಿಯನ್ನು ಮಡಿಸಿ ಇಟ್ಟಿರುತ್ತಾರೆ. ಅದರ ಎಡಮಗ್ಗುಲು ಮೇಲೆ ಬರುವಂತೆ ಉಡಬೇಕು. ಬಲಮಗ್ಗುಲು ಮೇಲೆ ಬರುವಂತೆ ಉಡಿಸುವುದು ಶವಕ್ಕೆ. ಇದನ್ನು ತಿಳಿಯದ ಪರದೇಶಿಯರು ಮೊಗಸಾಲೆಯಲ್ಲಿ ಪ್ರೇತಗಳಂತೆ ಸುಳಿದಾಡುವುದನ್ನು ಕಂಡು ಸೇವಕಿಯರು ನಯವಾಗಿ ತಿದ್ದುತ್ತಾರೆ.

ಇನ್ನು ಸ್ನಾನ. ನಮಗೆ ಸ್ನಾನವೆಂದರೆ ಕೊಳೆ ಕಳೆದುಕೊಳ್ಳುವುದು. ಹಂಡೆಯ ನೀರನ್ನು ತಂಬಿಗೆಯಲ್ಲಿ ಮೊಗೆದು ಹೊಯ್ದುಕೊಂಡು ಎದ್ದು ಬಂದರೆ ಮುಗಿಯಿತು. ಅಲ್ಲಿ ಕೊಳೆ ಕಳೆದುಕೊಳ್ಳುವುದು ಪೀಠಿಕೆ ಮಾತ್ರ. ಕೊಳದ ಹೊರಗೆ ಸಣ್ಣ ಮಣೆಯ ಮೇಲೆ ಕುಳಿತು ಸೋಪು ಹಚ್ಚಿ ಉಜ್ಜಿ, ನೊರೆಯ ಸುಳಿವೂ ಉಳಿಯದಂತೆ ತೊಳೆದುಕೊಂಡ ಮೇಲೆಯೇ ನೀರಿಗಿಳಿಯುವ ಅಧಿಕಾರ. ಇಳಿದ ಮೇಲೆ ಉಜ್ಜುವಂತಿಲ್ಲ, ಮುಳುಗುವಂತಿಲ್ಲ, ಈಜುವಂತಿಲ್ಲ, ಕೈಯ ಸಣ್ಣ ವಸ್ತ್ರವನ್ನು ನೀರಿಗೆ ಅದ್ದುವಂತಿಲ್ಲ. ಅದನ್ನು ಮಡಿಸಿ ತಲೆಯ ಮೇಲಿಟ್ಟುಕೊಳ್ಳುವವರೇ ಹೆಚ್ಚು. ನೀರು ಎಲ್ಲರದು, ಒಬ್ಬರ ಬಳಿಕ ಒಬ್ಬರು ಅದರಲ್ಲೇ ಕೂರಬೇಕಾದವರು ಎಂಬ ತಿಳಿವಳಿಕೆಯಿಂದ ಈ ಕಟ್ಟುಗಳೆಲ್ಲ ಹುಟ್ಟಿವೆ. ಹೆಂಗಸರಿಗೂ ಗಂಡಸರಿಗೂ ಬೇರೆ ಬೇರೆ ಕೊಳಗಳು. ಆದರೆ ಮೈಮೇಲೆ ನೂಲೆಳೆಯೂ ಇರಬಾರದು. ನಮ್ಮ ಕಡೆಯಿಂದ ಹೋದವರು ತಡವರಿಸುವುದು ಇಲ್ಲಿಯೇ. ತೀರ್ಥಸ್ನಾನಕ್ಕೂ ಪಂಚೆ ಸುತ್ತಿಕೊಂಡೇ ಇಳಿಯುವ ಜನ ನಾವು. ಆದರೆ ಆ ಕೊಳದಲ್ಲಿ ಯಾರೂ ಯಾರನ್ನೂ ನೋಡುವುದಿಲ್ಲ. ನೋಡದಿರುವುದೂ ಅಲ್ಲಿ ಒಂದು ಉಡುಪೇ. ನೀರಿನ ಕಾವು ಸಾಮಾನ್ಯವಾಗಿ 40ರಿಂದ 42 ಡಿಗ್ರಿ. ಹತ್ತು ನಿಮಿಷ ಕಳೆಯುವುದರೊಳಗೆ ಎದೆ ಬಡಿತ ಹೆಚ್ಚುತ್ತದೆ. ವಯಸ್ಸಾದವರು, ರಕ್ತದೊತ್ತಡವುಳ್ಳವರು ಅಷ್ಟಕ್ಕೇ ಎದ್ದುಬಿಡುವುದು ಲೇಸು. ಊಟವಾದೊಡನೆ, ಮದ್ಯ ಸೇವಿಸಿದೊಡನೆ ಇಳಿಯಲೇಬಾರದು.

ಊಟದ ವಿಚಾರ ಹೇಳುವಾಗ ನಮ್ಮ ಶಾಕಾಹಾರಿಗಳಿಗೆ ಒಂದು ಎಚ್ಚರಿಕೆ ಕೊಡಲೇಬೇಕು. ಕಡಲಂಚಿನ ರ್ಯೋಕಾನಿನ ಹೆಮ್ಮೆಯೇ ಮೀನು. ಮೀನಿನ ತುಂಡು ಕಣ್ಣಿಗೆ ಕಾಣದ ಸಾರಿನಲ್ಲೂ ಒಣಮೀನಿನ ಹೆರೆ ಕುದಿಸಿದ ತಿಳಿ ಇರುತ್ತದೆ. ಕೋಣೆ ಗೊತ್ತುಮಾಡುವಾಗಲೇ ತಿಳಿಸದೆ, ಎಲೆ ಹಾಕಿದ ಮೇಲೆ ಹೇಳಿದರೆ ಅತಿಥಿಗೂ ಸಂಕಟ, ಒಕಾಮಿಗೂ ಸಂಕಟ. ಎಲೆ ಎಂದದ್ದು ನಮ್ಮ ರೂಢಿಯಿಂದ, ಅಲ್ಲಿ ಎಲೆಯಿಲ್ಲ. ಒಂದೊಂದು ತಿನಿಸಿಗೂ ಒಂದೊಂದು ಆಕಾರದ ಪುಟ್ಟ ಪಾತ್ರೆ, ಋತುವಿಗೆ ತಕ್ಕಂತೆ ಬಣ್ಣ. ಬೆಳಗಿನ ಊಟದಲ್ಲಿ ಅನ್ನ, ಸೋಯಾ ಹಿಟ್ಟಿನ ಸಾರು, ಸುಟ್ಟ ಮೀನು. ಜತೆಗೆ ಬಾಯಿ ಹುಳಿಗಟ್ಟಿಸುವ ಉಪ್ಪು ಹಾಕಿದ ಪ್ಲಮ್ ಕಾಯಿ. ಆ ಕಾಯಿಗೆ ದೇಶಕ್ಕೆಲ್ಲ ಹೆಸರಾದ ಮಿನಾಬೆ ಶಿರಹಾಮಾದಿಂದ ದೂರವಿಲ್ಲ.

ಆ ಮಿನಾಬೆಯ ಸೀಮೆಗೇ ಸೇರಿದ ಇವಾಶಿರೋ ಎಂಬ ಕಡಲತಡಿಯಲ್ಲಿ, 658ರಲ್ಲಿ, ಸೆರೆಯಾಳಾಗಿ ಸಾಗುತ್ತಿದ್ದ ರಾಜಕುಮಾರನೊಬ್ಬ ಎಲೆಯ ಮೇಲೆ ಅನ್ನ ಕಂಡನು. ಅವನ ಹೆಸರು ಅರಿಮಾ. ಅದೇ ಹೆಸರಿನ ಬಿಸಿನೀರ ಊರು ಕೋಬೆಯ ಬಳಿ ಇದೆ. ಅದಕ್ಕೂ ಈ ಕತೆಗೂ ಸಂಬಂಧವಿಲ್ಲ. ತಂದೆ ಕೋತೊಕು ಚಕ್ರವರ್ತಿ 654ರಲ್ಲಿ ತೀರಿಕೊಂಡ ಮೇಲೆ ಪಟ್ಟವೇರಿದವಳು ಅವನ ಸೋದರತ್ತೆ ಸೈಮೇಯಿ. ಅಧಿಕಾರವೆಲ್ಲ ಆಕೆಯ ಮಗ ನಾಕಾ ನೊ ಓಯೆಯ ಕೈಯಲ್ಲಿ. ತನ್ನ ತಲೆ ಉಳಿಯಬೇಕಾದರೆ ಬುದ್ಧಿ ಕೆಟ್ಟವನಂತೆ ನಟಿಸಬೇಕೆಂದು ಹುಡುಗನಿಗೆ ತೋರಿತು. 657ರಲ್ಲಿ ಚಿಕಿತ್ಸೆಯ ನೆವದಿಂದ ಮುರೋ ಎಂಬ ಬಿಸಿನೀರ ಬುಗ್ಗೆಗೆ ಹೋಗಿ ಬಂದು, ಆ ಸ್ಥಳವನ್ನು ಕಂಡಮಾತ್ರಕ್ಕೇ ಕಾಯಿಲೆ ವಾಸಿಯಾಯಿತೆಂದು ಹೊಗಳಿದನು. ಮುರೋ ಎಂದರೆ ಇಂದಿನ ಶಿರಹಾಮಾ. ಹೊಗಳಿಕೆಗೆ ಮನಸೋತ ಚಕ್ರವರ್ತಿನಿ ಮರುವರ್ಷ ತಾನೇ ಅಲ್ಲಿಗೆ ಹೊರಟಳು. ಆ ವರ್ಷವೇ ಆಕೆಯ ಎಂಟು ವರ್ಷದ ಮೊಮ್ಮಗ ತೀರಿಕೊಂಡಿದ್ದನು. ಆ ದುಃಖವೂ ಜತೆಯಲ್ಲಿ ಹೋಯಿತು.

ರಾಜಧಾನಿಯ ಕಾವಲಿಗೆ ಉಳಿದಿದ್ದ ಸೋಗಾ ನೊ ಅಕಾಯೆ ಎಂಬ ಅಧಿಕಾರಿ ಅರಿಮಾನ ಬಳಿ ಬಂದು ಚಕ್ರವರ್ತಿನಿಯ ತಪ್ಪುಗಳನ್ನು ಎಣಿಸಿದನು. ಹುಡುಗ ನಂಬಿ ಬಾಯಿಬಿಟ್ಟನು. ಎರಡು ದಿನ ಕಳೆದ ರಾತ್ರಿ ಅಕಾಯೆಯ ಆಳುಗಳು ಅವನ ಮನೆಯನ್ನು ಮುತ್ತಿದರು. ತಾನು ಹೊಗಳಿದ ಬಿಸಿನೀರಿನ ಊರಿಗೇ ಅವನನ್ನು ವಿಚಾರಣೆಗೆ ಒಯ್ದರು. ಬಂಡಾಯವೇಕೆ ಎಂಬ ಪ್ರಶ್ನೆಗೆ, ಅದು ದೈವಕ್ಕೂ ಅಕಾಯೆಗೂ ಗೊತ್ತು, ತನಗೆ ಗೊತ್ತಿಲ್ಲ ಎಂಬರ್ಥದ ಉತ್ತರ ಕೊಟ್ಟನೆಂದು 720ರಲ್ಲಿ ಮುಗಿದ 'ನಿಹೋನ್ ಶೋಕಿ' ಎಂಬ ಇತಿಹಾಸ ದಾಖಲಿಸಿದೆ. ಹಿಂದಕ್ಕೆ ಕರೆತರುವ ದಾರಿಯಲ್ಲಿ ಫುಜಿಶಿರೋ ಎಂಬ ಇಳಿಜಾರಿನಲ್ಲಿ ಅವನ ಕೊರಳು ಬಿಗಿದರು. ಅವರ ಲೆಕ್ಕದಲ್ಲಿ ಅವನಿಗೆ 19 ವರ್ಷ.

ಅವನ ಎರಡು ಪದ್ಯಗಳು 'ಮಾನ್‌ಯೋಶೂ' ಎಂಬ ಪ್ರಾಚೀನ ಸಂಕಲನದಲ್ಲಿವೆ. ಒಂದರಲ್ಲಿ ಇವಾಶಿರೋದ ಪೈನ್ ಮರದ ಕೊಂಬೆಗಳನ್ನು ಗಂಟುಹಾಕುತ್ತಾನೆ; ಮರಳಿ ಬರುವಂತಾಗಲೆಂಬ ಹರಕೆಯ ಗಂಟದು. ಇನ್ನೊಂದು ಎಲೆಯ ಮೇಲಿಟ್ಟ ಅನ್ನದ ಪದ್ಯ. ಆ ಅನ್ನ ಅವನ ಊಟವೋ, ದಾರಿಯ ದೇವರಿಗಿಟ್ಟ ನೈವೇದ್ಯವೋ ಎಂದು ವಿದ್ವಾಂಸರು ವಾದಿಸುತ್ತಲೇ ಇದ್ದಾರೆ. ನಮಗೆ ಎಲೆ ಹಬ್ಬದ ಗುರುತು, ಅವನಿಗೆ ಮನೆಯ ಪಾತ್ರೆ ಕೈತಪ್ಪಿದ್ದರ ಗುರುತು. ಕನ್ನಡದ ಓದುಗ ಈ ಪದ್ಯದ ಬಳಿ ಒಂದು ಕ್ಷಣ ನಿಲ್ಲಲೇಬೇಕು; ನಮ್ಮ ಅಭ್ಯಾಸದಿಂದ ಓದಿದರೆ ಅದರ ಜೀವವೇ ಹೋಗುತ್ತದೆ. ಸಂಕಲನಕಾರರು ಈ ಎರಡನ್ನೂ ಶೋಕಗೀತೆಗಳ ವಿಭಾಗದ ಮೊದಲಿಗೇ ಇಟ್ಟರು. ಬದುಕಿದ್ದವನು ಬದುಕುವಾಸೆಯಿಂದ ಕಟ್ಟಿದ ಮಾತು ಹೀಗೆ ಶೋಕಗೀತೆಯಾಯಿತು. ಮುಂದಿನ ಕವಿಗಳು ಆ ಗಂಟನ್ನು ಕುರಿತು ಮತ್ತೆ ಮತ್ತೆ ಹಾಡಿದರು.

ಅಂದಿನಿಂದಲೂ ಇರುವುದೆಂದು ನಂಬಲಾದ ಒಂದು ಕೊಳ ಶಿರಹಾಮಾದಲ್ಲಿದೆ. ಸಾಕಿ ನೊ ಯು ಎಂದು ಅದರ ಹೆಸರು. ಕಡಲ ಬಂಡೆಯಲ್ಲೇ ತೋಡಿದಂತಿರುವ ಬಯಲು ಕೊಳ. ಅಲೆ ಕೈಯಳತೆಯಲ್ಲಿ ಒಡೆಯುತ್ತದೆ. ಕಡಲು ಕೆರಳಿದ ದಿನ ಅದನ್ನು ಮುಚ್ಚುತ್ತಾರೆ. ರ್ಯೋಕಾನುಗಳ ಪಾಡೇ ಅಷ್ಟು ಗಟ್ಟಿಯಾಗಿಲ್ಲ. 1980ರ ಸುಮಾರಿಗೆ ದೇಶದಲ್ಲಿ 80,000 ಮೀರಿದ್ದ ಅವುಗಳ ಸಂಖ್ಯೆ 2010ರ ದಶಕದ ಕೊನೆಗೆ 40,000ಕ್ಕೂ ಕೆಳಗಿಳಿದಿತ್ತು. ಹಲವು ಮನೆಗಳಲ್ಲಿ ಒಕಾಮಿಯ ಬಳಿಕ ಆ ಹೊರೆ ಹೊರುವವರಿಲ್ಲ.

ಒಸಾಕಾದಿಂದ ಅಲ್ಲಿಗೆ ಹೋಗುವ ವೇಗದ ರೈಲಿಗೆ ಕುರೋಶಿಯೋ ಎಂಬ ಕಡಲ ಪ್ರವಾಹದ ಹೆಸರಿಟ್ಟಿದ್ದಾರೆ. ಸುಮಾರು ಎರಡೂವರೆ ಗಂಟೆಯ ಹಾದಿ. ಮೊದಲು ಸಿಗುವುದು ಫುಜಿಶಿರೋದ ಸಮೀಪದ ಕಾಯಿನಾನ್, ಬಹಳ ಹೊತ್ತಿನ ಮೇಲೆ ಇವಾಶಿರೋ, ಆಮೇಲೆ ಮಿನಾಬೆ, ತನಾಬೆ, ಕೊನೆಗೆ ಶಿರಹಾಮಾ. ಇವಾಶಿರೋದಲ್ಲಿ ಆ ರೈಲು ನಿಲ್ಲುವುದಿಲ್ಲ. ಹೋಗುವಾಗ ಬಲಗಡೆಯ ಕಿಟಕಿಯ ಬಳಿ ಕೂತವರಿಗೆ ಕಡಲು ಕಾಣುತ್ತದೆ.