ಗುಡಿಯಿಲ್ಲದ ಪ್ರಾರ್ಥನೆ

ನಮ್ಮ ಕಿನ್ನಾಳದ ಚಿತ್ರಗಾರರ ಮನೆಗಳಿಗೆ ದೇವರು ಮೊದಲು ಮರವಾಗಿ ಬರುತ್ತಾನೆ. ಹಗುರವಾದ ಪೊಳಕಿ ಮರವನ್ನು ಕೆತ್ತಿ, ಹುಣಿಸೆ ಬೀಜದ ಅಂಟು ಬೆರೆಸಿದ ಲೇಪವನ್ನು ಕೊಟ್ಟು, ಬಣ್ಣ ತುಂಬಿ, ಕಣ್ಣು ಬರೆದ ಮೇಲೆ ಅದು ಗೌರಿಯಾಗುತ್ತದೆ, ಗರುಡನಾಗುತ್ತದೆ, ಉತ್ಸವದ ವಾಹನವಾಗುತ್ತದೆ. ಇಂಥ ಊರನ್ನು ಬಲ್ಲ ನನಗೆ, ಕೂಡಿ ಪೂಜಿಸುವುದೆಂದರೆ ಎದುರಿಗೊಂದು ಮೂರ್ತಿ, ಮುಂದೆ ಒಬ್ಬ ಪೂಜಾರಿ, ಸುತ್ತಲೂ ಒಂದು ಊರು ಬೇಕೆಂಬುದು ಎಳವೆಯಿಂದ ಬಂದ ತಿಳಿವಳಿಕೆ. ಈ ಮೂರನ್ನೂ ಏಕಕಾಲಕ್ಕೆ ಕಳೆದುಕೊಂಡವರು ಏನು ಮಾಡಿಯಾರು? ಕನ್ನಡ ಜಿಲ್ಲೆಯ ಕ್ರೈಸ್ತರ ಚರಿತ್ರೆಯನ್ನು ಓದುವಾಗ ನನ್ನನ್ನು ಬಿಡದೆ ಕಾಡಿದ ಪ್ರಶ್ನೆ ಇದು.

ಆ ಚರಿತ್ರೆಯ ದೊರೆ ನಮ್ಮ ಸೀಮೆಗೆ ಅಪರಿಚಿತನಲ್ಲ. 1786ರಲ್ಲಿ ಕೊಪ್ಪಳದ ಕೋಟೆಯನ್ನು ಕೈವಶ ಮಾಡಿಕೊಂಡು, ಫ್ರೆಂಚರ ನೆರವಿನಿಂದ ಅದನ್ನು ಬಲಪಡಿಸಿದ ಟಿಪ್ಪು ಸುಲ್ತಾನನೇ ಅವನು. ಅದಕ್ಕೆ ಎರಡು ವರ್ಷ ಹಿಂದೆ, 1784ರ ವಿಭೂತಿ ಬುಧವಾರದ ಸುಮಾರಿಗೆ, ಕರಾವಳಿಯ ಕ್ರೈಸ್ತರನ್ನು ಸೆರೆಹಿಡಿಯಲು ಅವನ ಅಪ್ಪಣೆಯಾಯಿತು. ಆ ವರ್ಷವೇ ಮಾರ್ಚ್ 11ರಂದು ಮಂಗಳೂರಿನ ಒಪ್ಪಂದವಾಗಿ ಯುದ್ಧ ನಿಂತಿತು. ಈ ಜನರ ಪಾಲಿಗೆ ಮಾತ್ರ ನಿಲ್ಲಲಿಲ್ಲ. ಅವರು ಇಂಗ್ಲಿಷರಿಗೆ ಸಹಾಯ ಮಾಡಿದರೆಂಬುದು ಆರೋಪ. ಪಾದ್ರಿಗಳನ್ನು ಗಡಿಯಾಚೆಗೆ ಅಟ್ಟಿದರು, ಇಗರ್ಜಿಗಳನ್ನು ಕೆಡವಿದರು. 1680ರಲ್ಲಿ ಕಟ್ಟಿದ ಮಂಗಳೂರಿನ ಮಿಲಾಗ್ರಿಸ್ ಇಗರ್ಜಿಯೂ ಉಳಿಯಲಿಲ್ಲ. ಹೆಂಗಸರು ಮಕ್ಕಳೆನ್ನದೆ ಎಲ್ಲರನ್ನೂ ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ನಡೆಸಿದರು. ಅವರ ಸಂಖ್ಯೆ ಮೂವತ್ತು ಸಾವಿರವೆಂದು ಕೆಲವರು, ಅರುವತ್ತು ಸಾವಿರವೆಂದು ಕೆಲವರು ಹೇಳುತ್ತಾರೆ. ದಾರಿಯಲ್ಲಿ ಬಿದ್ದು ಸತ್ತವರ ಲೆಕ್ಕವನ್ನು ಯಾರೂ ಇಟ್ಟಂತಿಲ್ಲ.

ಟಿಪ್ಪುವಿನ ವಿಷಯ ಬಂದೊಡನೆ ನಮ್ಮಲ್ಲಿ ವಾದ ಬಿಸಿಯೇರುತ್ತದೆ. ಶೃಂಗೇರಿಯ ಮಠಕ್ಕೆ ಅವನು ಬರೆದ ವಿನಯದ ಪತ್ರಗಳೂ ನಿಜ, ಈ ಸೆರೆಯೂ ನಿಜ. ಒಂದನ್ನು ತೋರಿಸಿ ಇನ್ನೊಂದನ್ನು ಅಳಿಸಲು ಹೊರಡುವವರ ಪಾಂಡಿತ್ಯದಲ್ಲಿ ನನಗೆ ನಂಬಿಕೆಯಿಲ್ಲ. ಆದರೆ ನನ್ನ ಕುತೂಹಲವಿರುವುದು ದೊರೆಯ ಮೇಲಲ್ಲ, ಸೆರೆಯಾಳುಗಳ ಮೇಲೆ.

ಕಥೋಲಿಕರ ಆರಾಧನೆಯ ಹೃದಯವಾದ ಪೂಜೆ, ಅಂದರೆ ಬಲಿಪೂಜೆ, ಪಾದ್ರಿಯಿಲ್ಲದೆ ನಡೆಯಲಾರದು. ಪಾಪನಿವೇದನೆಯನ್ನು ಕೇಳಿ ಕ್ಷಮೆ ಸಾರುವವನೂ ಅವನೇ. ಆದುದರಿಂದ ಪಾದ್ರಿಯನ್ನು ತೆಗೆದರೆ ಸಮುದಾಯ ತಾನಾಗಿ ಕರಗೀತೆಂದು ಆಳುವವರು ಎಣಿಸಿದ್ದರೆ ಆ ಎಣಿಕೆ ತೀರ ಅವಿವೇಕದ್ದಲ್ಲ. ಮೇಲಾಗಿ ತರುಣರನ್ನು ಸೈನ್ಯಕ್ಕೆ ಸೇರಿಸಿ, ಬಲವಂತದಿಂದ ಮತ ಬದಲಿಸಿದ್ದರು. ಆದರೂ ಅದೇ ಧರ್ಮದಲ್ಲಿ ಪಾದ್ರಿಯ ಅಪ್ಪಣೆಗೆ ಕಾಯದ ಕೆಲವು ಬಾಗಿಲುಗಳುಂಟು. ಸಾಯುವ ಸ್ಥಿತಿಯಲ್ಲಿರುವ ಶಿಶುವಿಗೆ ತಾಯಿಯೇ ನೀರೆರೆದು ಜ್ಞಾನಸ್ನಾನ ಕೊಡಬಹುದು. ಜಪಸರವನ್ನು ಯಾರು ಬೇಕಾದರೂ ನಡೆಸಬಹುದು. ಹತ್ತು ಹತ್ತರ ಐದು ಗುಂಪುಗಳಾಗಿ ಐವತ್ತು ಸಲ ಮರಿಯಮ್ಮನಿಗೆ ನಮಸ್ಕಾರ: ಅರ್ಧವನ್ನು ಒಬ್ಬರು ನುಡಿದರೆ ಉಳಿದರ್ಧವನ್ನು ಮಿಕ್ಕವರು ನುಡಿಯಬೇಕು. ಮಣಿಗಳಿಲ್ಲದಿದ್ದರೆ ಕೈಬೆರಳುಗಳೇ ಸಾಕು. ಆದರೆ ಹೀಗೆ ನುಡಿಯಲು ಕಡಮೆಯೆಂದರೆ ಇಬ್ಬರು ಬೇಕು. ಈ ಪ್ರಾರ್ಥನೆಯ ಕಟ್ಟಡವೇ ಅಂಥದು.

ಬಿಜ್ಜಳನ ಕಾಲದ ಕಲ್ಯಾಣವನ್ನು ಬಲ್ಲ ಈ ಸೀಮೆಯ ವಾಚಕರಿಗೆ ಇದು ಹೊಸದಾಗಿ ತೋರದು. ಊರು ಬಿಟ್ಟು ಉಳವಿಯ ಹಾದಿ ಹಿಡಿದ ಶರಣರೂ ಕಟ್ಟಡಗಳನ್ನು ಹೊತ್ತು ನಡೆಯಲಿಲ್ಲ, ನುಡಿಯನ್ನು ಹೊತ್ತರು. ಹೋಲಿಕೆಯನ್ನು ಇದಕ್ಕಿಂತ ಮುಂದೆ ಎಳೆಯಲಾರೆ. ಸೆರೆಯಾಳಿಗೆ ಹಾದಿ ಆರಿಸಿಕೊಳ್ಳುವ ಸ್ವಾತಂತ್ರ್ಯವಿರಲಿಲ್ಲ.

ಕತ್ತಲೆಯಲ್ಲಿ ನೆರವಾದವರೂ ಇದ್ದರು. ತಾನೇ ಟಿಪ್ಪುವಿನ ಸೆರೆಯಿಂದ 1788ರಲ್ಲಿ ತಪ್ಪಿಸಿಕೊಂಡು ಬಂದಿದ್ದ ಕೊಡಗಿನ ದೊಡ್ಡ ವೀರರಾಜೇಂದ್ರನು, ಶ್ರೀರಂಗಪಟ್ಟಣದಿಂದ ಓಡಿಬಂದ ಕ್ರೈಸ್ತರಿಗೆ 1792ರಲ್ಲಿ ವೀರರಾಜಪೇಟೆಯಲ್ಲಿ ನೆಲೆ ಕೊಟ್ಟು, ಸಂತ ಅನ್ನಮ್ಮನವರ ಇಗರ್ಜಿಗೆ ಆಶ್ರಯದಾತನಾದನು. ಲಿಂಗಾಯತ ಅರಸನೊಬ್ಬ ಹೊಸದಾಗಿ ಕಟ್ಟಿದ ಪೇಟೆಯಲ್ಲಿ ಕ್ರೈಸ್ತರ ಘಂಟೆಗೂ ಜಾಗ ಸಿಕ್ಕಿತು. ನಮ್ಮ ಶಾಲೆಯ ಪುಸ್ತಕಗಳಲ್ಲಿ ಈ ಸಂಗತಿಗೆ ಒಂದು ಸಾಲನ್ನಾದರೂ ಕೊಡಬಾರದೇಕೆ?

1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಿತು. ಹದಿನೈದು ವರ್ಷ! ಸೆರೆಗೆ ಬಂದಾಗ ಕಂಕುಳಲ್ಲಿದ್ದ ಕೂಸು ಅಷ್ಟರಲ್ಲಿ ಪ್ರಾಯಕ್ಕೆ ಬಂದಿತ್ತು. ತರುವಾಯ ಅಲ್ಲಿಗೆ ಬಂದ ಫ್ರೆಂಚ್ ಪಾದ್ರಿ ಅಬ್ಬೆ ದುಬಾಯ್, ಜನರ ಬಾಯಲ್ಲಿ ದೊಡ್ಡಸ್ವಾಮಿಯವರು, ಚದರಿದ ಸಮುದಾಯವನ್ನು ಮತ್ತೆ ಒಗ್ಗೂಡಿಸುವ ಕೆಲಸಕ್ಕೆ ಕೈಹಾಕಿದರು. ಒಗ್ಗೂಡಿಸಲು ಜನ ಉಳಿದಿದ್ದರೆಂಬುದೇ ನನಗೆ ಸೋಜಿಗ. ಬದುಕುಳಿದವರಲ್ಲಿ ಅನೇಕರು ಘಟ್ಟವಿಳಿದು ಮಂಗಳೂರಿಗೆ ಮರಳಿದರು.

ಎದುರಾಳಿಗಳು ಮುಗಿದುಹೋದರೆಂದಲ್ಲ. ಅದೇ ಮಂಗಳೂರಿನಲ್ಲಿ 2008ರ ಸೆಪ್ಟೆಂಬರ್ 14ರ ಭಾನುವಾರ ಪ್ರಾರ್ಥನಾ ಮಂದಿರಗಳ ಮೇಲೆ ದಾಳಿ ನಡೆಯಿತು. ಆಗ ದೊರೆಯ ಅಪ್ಪಣೆಯಿರಲಿಲ್ಲ; ಸಂವಿಧಾನದ 25ನೆಯ ವಿಧಿಯಿತ್ತು. ನ್ಯಾಯಮೂರ್ತಿ ಸೋಮಶೇಖರ ಆಯೋಗ ವಿಚಾರಣೆ ನಡೆಸಿ, 2011ರಲ್ಲಿ ವರದಿಯನ್ನೂ ಒಪ್ಪಿಸಿತು. ದಾಳಿಯಾದ ಮಂದಿರದೊಳಕ್ಕೆ ಮುಂದಿನ ಭಾನುವಾರ ಕಾಲಿಡುವವನ ಎದೆ ಹೇಗೆ ಹೊಡೆದುಕೊಳ್ಳುತ್ತದೆಂಬುದು ವರದಿಗಳಿಗೆ ಸಿಕ್ಕುವ ಸಂಗತಿಯಲ್ಲ.

ಮಂಗಳೂರಿನ ಕೊಂಕಣಿ ಕ್ರೈಸ್ತರ ಮನೆಗಳಲ್ಲಿ ಸಂಜೆಯ ಜಪಸರಕ್ಕೆ ‘ತೇರ್ಸ್’ ಎನ್ನುತ್ತಾರೆ. ದೀಪ ಹಚ್ಚಿದ ಮೇಲೆ ಹಿರಿಯರೊಬ್ಬರು ಮೊದಲರ್ಧವನ್ನು ನುಡಿಯುತ್ತಾರೆ. ಮಕ್ಕಳು, ತೂಕಡಿಸುತ್ತಿದ್ದವರೂ ಸಹ, ಉಳಿದುದನ್ನು ಪೂರೈಸುತ್ತಾರೆ.