ಗಾಳಿ ಎದ್ದಾಗ ಸಿಗುವ ಮೀನಿಗೆ ಎಂಥ ದೋಣಿ ಬೇಕು?

ಅಮೆರಿಕದ ಮಿನ್ನೆಸೋಟಾದಲ್ಲಿರುವ ನನ್ನ ಎಂಜಿನಿಯರಿಂಗ್ ಸಹಪಾಠಿಯೊಬ್ಬ ವಾಲೈ ಮೀನು ಹಿಡಿಯೋಕೆ ಟಿಲ್ಲರ್ ದೋಣಿ ಹುಡುಕ್ತಿದ್ದಾನೆ. ಅವನು ಕೇಳಿದ್ದೆಲ್ಲ ಹಾರ್ಸ್‌ಪವರ್ ಬಗ್ಗೆ. ನನ್ನ ಪ್ರಕಾರ ಮೊದಲು ನೋಡಬೇಕಾದ್ದು ಅಲೆ.

ವಾಲೈ ಕಣ್ಣಿನೊಳಗೆ ಬೆಳಕನ್ನು ಪ್ರತಿಫಲಿಸುವ ಪದರವಿದೆ. ಮಬ್ಬಿನಲ್ಲಿ ಅದಕ್ಕೆ ಬೇಟೆ ಸುಲಭ. ಗಾಳಿಗೆ ನೀರು ಕಲಕಿ ಒಳಗಿನ ಬೆಳಕು ತಗ್ಗಿದರೆ ಹಗಲಲ್ಲೂ ಗಾಳಕ್ಕೆ ಬೀಳುತ್ತೆ. ಅಂದ್ರೆ, ದಡಕ್ಕೆ ವಾಪಸ್ ಹೋಗೋಣ ಅನ್ನಿಸುವ ಹೊತ್ತಿಗೇ ಮೀನು ಸಿಗೋದು! ಅಲ್ಲಿನ ಮಿಲ್ ಲ್ಯಾಕ್ಸ್ ಸರೋವರದ ವಿಸ್ತಾರ 500 ಚದರ ಕಿ.ಮೀ.ಗೂ ಹೆಚ್ಚು, ಆಳ ಮಾತ್ರ ಹೆಚ್ಚೆಂದರೆ 13 ಮೀಟರ್. ಇಂಥ ಕಡೆ ಅಲೆಗಳು ಬೇಗ ಏಳ್ತವೆ, ಕಡಿದಾಗಿ, ಒಂದರ ಹಿಂದೊಂದು ಬರ್ತವೆ.

ಟಿಲ್ಲರ್ ಅಂದಾಗ ನಮಗೆ ನೆನಪಾಗೋದು ಗದ್ದೆ. ಇಲ್ಲಿ ಅದು ಔಟ್‌ಬೋರ್ಡ್ ಮೋಟರಿಗೇ ಜೋಡಿಸಿದ ಹಿಡಿಕೆ. ಸ್ಟೀರಿಂಗ್ ಇಲ್ಲದ್ದರಿಂದ ಜಾಗವೂ ದುಡ್ಡೂ ಉಳಿಯುತ್ತೆ. ಅದಕ್ಕಿಂತ ದೊಡ್ಡ ಲಾಭ, ಮೋಟರನ್ನು ರಿವರ್ಸ್‌ಗೆ ಹಾಕಿ ಗಾಳಿಗೆ ಎದುರಾಗಿ ಮೆಲ್ಲಗೆ ಹಿಂದಕ್ಕೆ ಸಾಗಬಹುದು. ದೋಣಿಯ ಮೂತಿ ಅತ್ತಿತ್ತ ತಿರುಗಲ್ಲ, ಗಾಳ ಬೇಕಾದ ಜಾಗದಲ್ಲೇ ನಿಲ್ಲುತ್ತೆ. ಬ್ಯಾಕ್‌ಟ್ರೋಲಿಂಗ್ ಅಂದ್ರೆ ಇದೇ. ಆದರೆ ಅಲೆ ನೇರ ಹಿಂಬದಿಗೆ ಬಡಿಯುತ್ತೆ. ಹಾಗಾಗಿ ಹಿಂಬದಿಯ ಎತ್ತರ, ಸ್ಪ್ಲ್ಯಾಶ್‌ಗಾರ್ಡ್, ನೀರು ಹೊರಹಾಕುವ ಪಂಪು, ಇವು ಅಲಂಕಾರವಲ್ಲ.

ಸಣ್ಣ ಕೆರೆಗೆ 16 ಅಡಿ ಸಾಕು. ಮಿಲ್ ಲ್ಯಾಕ್ಸ್‌ಗಾದರೆ 18 ಅಡಿಯ, ಆಳವಾದ ವಿ ಆಕಾರದ ತಳವಿರುವ ದೋಣಿಯೇ ಸರಿ. ಮೋಟರ್, ನಡೆಸುವವರು ಎರಡೂ ಭಾರ ಹಿಂದೆಯೇ. ಬ್ಯಾಟರಿ, ಪೆಟ್ರೋಲ್ ಟ್ಯಾಂಕೂ ಅಲ್ಲೇ ಇದ್ದರೆ ಮೂತಿ ಮೇಲೆದ್ದು ದಾರಿಯೇ ಕಾಣಲ್ಲ. ಎಷ್ಟು ಹಾರ್ಸ್‌ಪವರ್ ತಡೆಯುತ್ತೆ ಅನ್ನೋದು ದೋಣಿಯ ಫಲಕದಲ್ಲೇ ಇರುತ್ತೆ. ವೇಗದಲ್ಲಿ ಹೋಗುವಾಗ ಕಿಲ್ ಸ್ವಿಚ್‌ನ ದಾರ ಮೈಗೆ ಸಿಕ್ಕಿಸಿಕೊಳ್ಳೋದು 2021ರ ಏಪ್ರಿಲ್‌ನಿಂದ ಅಲ್ಲಿ ಕಡ್ಡಾಯ: ನೀವು ನೀರಿಗೆ ಬಿದ್ದರೆ ಎಂಜಿನ್ ನಿಲ್ಲುತ್ತೆ.

ಹಿಡಿದ ಮೀನನ್ನು ಜೀವಂತ ಇಡುವ ದೊಡ್ಡ ತೊಟ್ಟಿಗೆ ದುಡ್ಡು ಸುರಿಯುವ ಮುಂಚೆ ಮಾತ್ರ ಆ ವರ್ಷದ ನಿಯಮ ಓದಿ. ಮಿಲ್ ಲ್ಯಾಕ್ಸ್‌ನ ವಾಲೈಯನ್ನು ರಾಜ್ಯ ಸರ್ಕಾರ ಮತ್ತು ಒಜಿಬ್ವೆ ಮೂಲನಿವಾಸಿಗಳು ಪಾಲು ಹಂಚಿಕೊಳ್ತಾರೆ. 2015ರಲ್ಲಿ ರಾಜ್ಯದ ಪಾಲು ಮುಗಿದು ಆಗಸ್ಟ್‌ನಲ್ಲೇ ವಾಲೈ ಹಿಡಿಯೋದು ಬಂದ್ ಆಯ್ತು. ಮರುವರ್ಷ ಹಿಡಿದಿದ್ದನ್ನು ವಾಪಸ್ ಬಿಡಬೇಕಿತ್ತು. ಇದಕ್ಕೆ ಒಜಿಬ್ವೆಗಳ ಬಲೆಗಳನ್ನು ಬೈಯ್ಯುವವರು ಈಗಲೂ ಇದ್ದಾರೆ. 1837ರ ಒಪ್ಪಂದದಲ್ಲಿ ಜಮೀನು ಬಿಟ್ಟುಕೊಡುವಾಗ ಅವರು ಉಳಿಸಿಕೊಂಡ ಹಕ್ಕು ಅದು, ಯಾರೋ ಕೊಟ್ಟ ರಿಯಾಯಿತಿ ಅಲ್ಲ. 1999ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಅದನ್ನು 5–4ರ ಬಹುಮತದಲ್ಲಿ ಎತ್ತಿಹಿಡಿದಿದೆ.